ಹಗುರ ವಾದ್ಯದ ಭಾರದ ಕೊರಳು

ಬಾನುಲಿಯ ಮುಂದೆ ಕುಳಿತು ಗಿಟಾರ್ ವಾದನವನ್ನು ಕೇಳುವವರ ಕಿವಿಗೆ ಬೀಳುವುದು ನಾದವೊಂದೇ. ಆ ನಾದವನ್ನು ಹೊರಡಿಸುತ್ತಿರುವವರು ವಾದ್ಯವನ್ನು ಹೇಗೆ ಹಿಡಿದಿದ್ದಾರೆ, ಅದರ ಭಾರವನ್ನು ಮೈಯ ಯಾವ ಭಾಗ ಹೊತ್ತಿದೆ, ಎಡಗೈಯ ಬೆರಳುಗಳು ಸ್ವರಕ್ಕಾಗಿ ಓಡುತ್ತಿವೆಯೋ ಅಥವಾ ವಾಲುತ್ತಿರುವ ವಾದ್ಯವನ್ನು ಎತ್ತಿ ನಿಲ್ಲಿಸುವುದರಲ್ಲೇ ದಣಿಯುತ್ತಿವೆಯೋ, ಇವಾವುವೂ ನಮಗೆ ಕೇಳಿಸುವುದಿಲ್ಲ. ನುಡಿಸುವವರಿಗಾದರೋ ಇದೇ ಮೊದಲ ಪ್ರಶ್ನೆ. ಭಾರವು ತಕ್ಕ ಸ್ಥಳದಲ್ಲಿ ಕುಳಿತರೆ ಕೈಗೆ ಬಿಡುವು; ಕೈಗೆ ಬಿಡುವಿದ್ದರೆ ನಾದಕ್ಕೆ ಜೀವ.

ಈಚಿನ ವರ್ಷಗಳಲ್ಲಿ ಮರದ ಗಿಟಾರಿನ ಪಕ್ಕದಲ್ಲಿ ಇನ್ನೊಂದು ಬಗೆಯ ಗಿಟಾರು ನಮ್ಮ ಅಂಗಡಿಗಳಲ್ಲಿ ಕಾಣಿಸಿಕೊಂಡಿದೆ. ಮೈ ಕಪ್ಪು, ಬೆಳಕಿಗೆ ಹಿಡಿದರೆ ಚಾಪೆಯ ಹೆಣಿಗೆಯಂಥ ನೇಯ್ಗೆ ಹೊಳೆಯುತ್ತದೆ. ಅದು ಕಾರ್ಬನ್ ಫೈಬರಿನದು, ಎಂದರೆ ಇಂಗಾಲದ ನಾರಿನದು. ಮಳೆಗಾಲಕ್ಕೆ ಉಬ್ಬುವುದಿಲ್ಲ, ಬೇಸಗೆಗೆ ಬಿರಿಯುವುದಿಲ್ಲ, ಎತ್ತಲು ಹಗುರ ಎಂದು ಮಾರುವವರು ಹೇಳುತ್ತಾರೆ. ಈ ಮಾತುಗಳು ಬಹುಮಟ್ಟಿಗೆ ನಿಜವೇ. ಆದರೆ ಹಗುರವೆಂದು ಕೊಂಡ ವಾದ್ಯವನ್ನು ಮನೆಗೆ ತಂದು ತೊಡೆಯ ಮೇಲಿಟ್ಟಾಗ ಕೆಲವರಿಗೆ ಸೋಜಿಗವೊಂದು ಎದುರಾಗುತ್ತದೆ. ಒಡಲು ಹೂವಿನಂತಿದೆ, ಕೊರಳು ಮಾತ್ರ ನೆಲದತ್ತ ವಾಲುತ್ತದೆ. ಎಲ್ಲ ಕಾರ್ಬನ್ ಗಿಟಾರುಗಳ ಗುಣವೂ ಇದಲ್ಲ; ಆದರೆ ಕೆಲವಕ್ಕೆ ಇದು ಉಂಟು. ಇದೇಕೆ ಹೀಗೆ, ಇದಕ್ಕೆ ಪರಿಹಾರವೇನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ನಮ್ಮ ಶಾಲೆಯ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಗಿಟಾರ್ ಕಲಿಯುತ್ತಿದ್ದಳು. ಅವಳ ಮರದ ಗಿಟಾರು ಒಂದು ಬೇಸಗೆಯಲ್ಲಿ ಬಿರುಕು ಬಿಟ್ಟಿತೆಂದು ತಂದೆತಾಯಿಗಳು ಹಣ ಕೂಡಿಸಿ ಕಾರ್ಬನ್ ಒಡಲಿನ ಗಿಟಾರನ್ನು ಕೊಡಿಸಿದರು. ಮೂರು ತಿಂಗಳು ಕಳೆಯುವುದರೊಳಗೆ ಅವಳ ಎಡ ಮಣಿಕಟ್ಟು ನೋಯತೊಡಗಿತು. ತನಗೆ ಗಿಟಾರ್ ಒಗ್ಗದೆಂದು ಅವಳು ನಿಶ್ಚಯಿಸಿದ್ದಳು. ಹುಡುಗಿಗೆ ಶ್ರದ್ಧೆಯಿಲ್ಲವೆಂದು ಮನೆಯವರು ನಿಶ್ಚಯಿಸಿದ್ದರು. ದೋಷವಿದ್ದುದು ಇಬ್ಬರಲ್ಲಿಯೂ ಅಲ್ಲ. ಅವಳು ಒಂದೇ ಎಡಗೈಯಿಂದ ಎರಡು ಕೆಲಸ ಮಾಡುತ್ತಿದ್ದಳು: ನುಡಿಸುವುದು ಒಂದು, ವಾದ್ಯದ ಕೊರಳನ್ನು ಹೊರುವುದು ಇನ್ನೊಂದು. ಈ ಎರಡನೆಯ ಕೆಲಸವನ್ನು ಕೈಯಿಂದ ತಪ್ಪಿಸಿದ ಮೇಲೆ ಮೊದಲನೆಯದು ಸುಗಮವಾಯಿತು. ತಪ್ಪಿಸಿದ ಬಗೆಯನ್ನು ಮುಂದೆ ಹೇಳುತ್ತೇನೆ.

ಏತದ ನ್ಯಾಯ

ಹಳ್ಳಿಯ ಬಾವಿಯ ಏತವನ್ನು ಕಂಡವರಿಗೆ ಈ ವಿಷಯವನ್ನು ಹೆಚ್ಚು ವಿವರಿಸಬೇಕಾದುದಿಲ್ಲ. ಉದ್ದವಾದ ಮರವೊಂದು ಕವೆಗಂಬದ ಮೇಲೆ ನಿಂತಿರುತ್ತದೆ. ಒಂದು ತುದಿಯಲ್ಲಿ ನೀರಿನ ಸಾಲೆ, ಇನ್ನೊಂದು ತುದಿಯಲ್ಲಿ ಕಲ್ಲಿನ ಭಾರ. ಯಾವ ಕಡೆ ವಾಲುವುದೆಂಬುದು ತೂಕವೊಂದರಿಂದಲೇ ತೀರ್ಮಾನವಾಗುವುದಿಲ್ಲ. ಆ ತೂಕ ಆಧಾರದಿಂದ ಎಷ್ಟು ದೂರದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ತೂಕವನ್ನು ದೂರದಿಂದ ಗುಣಿಸಿದರೆ ಬರುವುದೇ ವಾಲಿಸುವ ಬಲ. ಆಧಾರಕ್ಕೆ ಹತ್ತಿರವಿರುವ ದೊಡ್ಡ ಕಲ್ಲಿಗಿಂತ ದೂರದ ತುದಿಯಲ್ಲಿರುವ ಸಣ್ಣ ಕಲ್ಲು ಪ್ರಬಲವಾಗಬಹುದು. ಇದು ಗ್ರೀಕ್ ಪಂಡಿತನಾದ ಆರ್ಕಿಮಿಡೀಸನು ಎರಡು ಸಾವಿರ ವರ್ಷಗಳಿಗೂ ಹಿಂದೆ ಸಾಧಿಸಿ ತೋರಿಸಿದ ನಿಯಮ. ನಮ್ಮ ರೈತನು ಪುಸ್ತಕವಿಲ್ಲದೆ ಬಲ್ಲ ನಿಯಮ.

ಗಿಟಾರೂ ಒಂದು ಏತವೇ. ಕುಳಿತು ನುಡಿಸುವಾಗ ವಾದ್ಯದ ನಡು, ಎಂದರೆ ಒಡಲು ಒಳಕ್ಕೆ ಬಾಗಿರುವ ಭಾಗ, ತೊಡೆಯ ಮೇಲೆ ಕೂಡುತ್ತದೆ. ಅದೇ ಕವೆಗಂಬ. ಬಲಕ್ಕೆ ಒಡಲಿನ ಅಗಲವಾದ ಬುಡ. ಎಡಕ್ಕೆ ಉದ್ದನೆಯ ಕೊರಳು, ಕೊರಳಿನ ತುದಿಯಲ್ಲಿ ತಲೆ, ತಲೆಯಲ್ಲಿ ಆರು ಬಿರಡೆಗಳು. ವೀಣೆಯ ಬಿರಡೆಗಳು ಮರದವು. ಗಿಟಾರಿನ ಬಿರಡೆಗಳು ಹಲ್ಲುಚಕ್ರವಿರುವ ಲೋಹದ ಯಂತ್ರಗಳು. ಇಡೀ ವಾದ್ಯದಲ್ಲಿ ಅತಿ ಸಾಂದ್ರವಾದ ವಸ್ತು ಆಧಾರದಿಂದ ಅತಿ ದೂರದಲ್ಲಿರುವುದು ಗಿಟಾರಿನ ಜನ್ಮಸಿದ್ಧ ತೊಡಕು. ಮರದ ಗಿಟಾರಿನಲ್ಲಿಯೂ ಇದು ಇದ್ದೇ ಇದೆ. ಅಲ್ಲಿ ಬಲ ಮುಂಗೈ ಒಡಲಿನ ಮೇಲೆ ಒರಗಿ ಕುಳಿತು, ನುಡಿಸುವವರಿಗೆ ಅರಿವಾಗದಂತೆಯೇ ಸರಿದೂಗಿಸುತ್ತದೆ.

ನಮ್ಮ ವಾದ್ಯಗಳು ಈ ತೊಡಕನ್ನು ಹೇಗೆ ಬಿಡಿಸಿಕೊಂಡಿವೆ ನೋಡಿರಿ. ಸರಸ್ವತೀ ವೀಣೆಯ ಕೊಡ ನೆಲಕ್ಕೆ ತಾಗಿರುತ್ತದೆ. ದಂಡಿಯ ಇನ್ನೊಂದು ಕಡೆಯ ಬುರುಡೆ ಎಡ ತೊಡೆಯ ಮೇಲೆ ಕೂಡುತ್ತದೆ. ಹೀಗೆ ಭಾರ ಎರಡು ಆಧಾರಗಳ ನಡುವೆ ನಿಲ್ಲುವುದರಿಂದ ಎಡಗೈ ಏನನ್ನೂ ಹೊರಬೇಕಾಗಿಲ್ಲ, ಗಮಕಕ್ಕೆ ಪೂರ್ಣ ಸ್ವತಂತ್ರ. ಪಿಟೀಲಿನ ಉದಾಹರಣೆ ಇನ್ನೂ ಸ್ಪಷ್ಟವಾದುದು. ಪಾಶ್ಚಾತ್ಯ ವಾದಕರು ಅದನ್ನು ಗದ್ದಕ್ಕೂ ಭುಜಕ್ಕೂ ನಡುವೆ ಹಿಡಿಯುತ್ತಾರೆ. ಗದ್ದವನ್ನಿಡುವ ಚಿಕ್ಕ ಪಟ್ಟಿಯನ್ನು ಜರ್ಮನಿಯ ಲೂಯಿ ಸ್ಪೋರ್ ಎಂಬಾತ ೧೮೨೦ರ ಸುಮಾರಿನಲ್ಲಿ ಬಳಕೆಗೆ ತಂದನು. ನಮ್ಮ ಕರ್ಣಾಟಕ ಸಂಗೀತದ ವಿದ್ವಾಂಸರು ಚಕ್ಕಳಮಕ್ಕಳ ಹಾಕಿ ಕುಳಿತು ಪಿಟೀಲಿನ ತಲೆಯನ್ನು ಬಲಪಾದದ ಮೇಲೆ ಊರುತ್ತಾರೆ. ಕೊರಳು ಎಡಗೈಯನ್ನು ನೆಚ್ಚಿಕೊಳ್ಳದೆ ತಾನೇ ನಿಲ್ಲುತ್ತದೆ, ಕೈ ಮೇಲಿಂದ ಕೆಳಕ್ಕೆ ಸಲೀಸಾಗಿ ಜಾರಬಲ್ಲುದು. ನುಡಿಸುವ ಕೈಗೆ ಹೊರುವ ಕೆಲಸ ಕೊಡಬಾರದೆಂಬುದನ್ನು ನಮ್ಮ ಹಿರಿಯರು ಕಂಡುಕೊಂಡಿದ್ದರು. ಗಿಟಾರಿಗೂ ಈ ಸೂತ್ರವೇ ಸಲ್ಲುತ್ತದೆ.

ಹಗುರವಾದುದು ಭಾರವಾದ ಲೆಕ್ಕ

ಈಗ ಒಂದು ಲೆಕ್ಕವನ್ನು ಮಾಡೋಣ. ಇದರ ಅಂಕಿಗಳು ಯಾವುದೊಂದು ಕಂಪೆನಿಯ ವಾದ್ಯದವಲ್ಲ, ತಿಳಿವಳಿಕೆಗಾಗಿ ಇಟ್ಟುಕೊಂಡವು. ಆದರೆ ನಿಜವಾದ ಗಿಟಾರುಗಳ ಅಳತೆಗೆ ತೀರ ದೂರವಾದವೂ ಅಲ್ಲ.

ಮರದ ಗಿಟಾರಿನ ಒಡಲು ೧,೨೫೦ ಗ್ರಾಂ, ಕೊರಳು ೪೫೦ ಗ್ರಾಂ, ಬಿರಡೆಗಳು ೨೦೦ ಗ್ರಾಂ. ಒಟ್ಟು ೧,೯೦೦ ಗ್ರಾಂ ಎಂದಿಟ್ಟುಕೊಳ್ಳಿರಿ. ತೊಡೆಯ ಆಧಾರದಿಂದ ಅಳೆದರೆ ಒಡಲಿನ ಭಾರದ ಕೇಂದ್ರ ಬಲಕ್ಕೆ ೧೦ ಸೆಂಟಿಮೀಟರು, ಕೊರಳಿನದು ಎಡಕ್ಕೆ ೩೮, ಬಿರಡೆಗಳದು ಎಡಕ್ಕೆ ೬೭ ಸೆಂಟಿಮೀಟರು ದೂರದಲ್ಲಿವೆ. ಬಲಕ್ಕೆ ವಾಲಿಸುವ ಬಲ ೧೨,೫೦೦. ಎಡಕ್ಕೆ ಕೊರಳಿನಿಂದ ೧೭,೧೦೦, ಬಿರಡೆಗಳಿಂದ ೧೩,೪೦೦, ಕೂಡಿ ೩೦,೫೦೦. ಕಳೆದರೆ ಎಡಕ್ಕೆ ಉಳಿಯುವುದು ೧೮,೦೦೦. ಆಧಾರದಿಂದ ೨೦ ಸೆಂಟಿಮೀಟರು ಬಲಕ್ಕೆ ಒರಗಿರುವ ಮುಂಗೈ ಇದನ್ನು ಸರಿದೂಗಿಸಬೇಕಾದರೆ ೯೦೦ ಗ್ರಾಂ ಭಾರವನ್ನು ಒತ್ತಬೇಕು. ಒರಗಿದ ತೋಳಿಗೆ ಇದೇನೂ ಹೆಚ್ಚಲ್ಲ. ೪೫೦ ಗ್ರಾಮಿನ ಕೊರಳಿಗಿಂತ ೨೦೦ ಗ್ರಾಮಿನ ಬಿರಡೆಗಳ ಪ್ರಭಾವ ಬಹಳ ಕಡಿಮೆಯೇನೂ ಇಲ್ಲವೆಂಬುದನ್ನು ಇಲ್ಲಿ ಗಮನಿಸಿರಿ. ಅದು ದೂರದ ಮಹಿಮೆ.

ಇನ್ನು ಒಡಲನ್ನು ಮಾತ್ರ ಕಾರ್ಬನ್ನಿನಿಂದ ಮಾಡಿ, ಕೊರಳನ್ನೂ ಬಿರಡೆಗಳನ್ನೂ ಮೊದಲಿನಂತೆಯೇ ಇಟ್ಟರೆಂದು ಭಾವಿಸಿರಿ. ಒಡಲಿನ ತೂಕ ೮೫೦ ಗ್ರಾಮಿಗೆ ಇಳಿಯಿತು. ಇಡೀ ವಾದ್ಯ ೪೦೦ ಗ್ರಾಂ ಹಗುರವಾಯಿತು. ಅಂಗಡಿಯಲ್ಲಿ ಎತ್ತಿ ನೋಡಿದವರಿಗೆ ಸಂತೋಷ. ಆದರೆ ಬಲಕ್ಕೆ ವಾಲಿಸುವ ಬಲ ೮,೫೦೦ಕ್ಕೆ ಇಳಿದು, ಎಡಕ್ಕಿರುವ ೩೦,೫೦೦ ಹಾಗೆಯೇ ಉಳಿಯಿತು. ವ್ಯತ್ಯಾಸ ೨೨,೦೦೦. ಮುಂಗೈ ಈಗ ೧,೧೦೦ ಗ್ರಾಂ ಒತ್ತಬೇಕು. ವಾದ್ಯದ ತೂಕ ೪೦೦ ಗ್ರಾಂ ಇಳಿದರೆ ಕೈಯ ಹೊರೆ ೨೦೦ ಗ್ರಾಂ ಏರಿತು! ಇದೇ ಹಗುರ ವಾದ್ಯದ ಒಗಟು. ತಕ್ಕಡಿಯ ಒಂದು ತಟ್ಟೆಯಿಂದ ಮಾತ್ರ ತೂಕ ತೆಗೆದರೆ ಇನ್ನೊಂದು ತಟ್ಟೆ ಇಳಿಯದೆ ಇರುತ್ತದೆಯೆ?

ಕೊರಳನ್ನೂ ಕಾರ್ಬನ್ನಿನಿಂದ ಟೊಳ್ಳಾಗಿ ಮಾಡಿ ೩೦೦ ಗ್ರಾಮಿಗೆ ಇಳಿಸಿದರೋ, ಎಡಕ್ಕಿರುವ ಬಲ ೨೪,೮೦೦ ಆಗುತ್ತದೆ, ವ್ಯತ್ಯಾಸ ೧೬,೩೦೦. ಆಗ ಮುಂಗೈ ಒತ್ತಬೇಕಾದುದು ೮೧೫ ಗ್ರಾಂ, ಮರದ ಗಿಟಾರಿಗಿಂತಲೂ ಕಡಿಮೆ. ಆದುದರಿಂದ ಕಾರ್ಬನ್ ಗಿಟಾರೆಂದರೆ ಕೊರಳುಭಾರ ಎಂದು ಸಾರಾಸಗಟಾಗಿ ಹೇಳಬಾರದು. ಎಲ್ಲಿ ಹಗುರ ಮಾಡಿದ್ದಾರೆ ಎಂದು ಕೇಳಬೇಕು.

ಇಂಗಾಲದ ನಾರು ಎಂದರೇನು?

ಕಾರ್ಬನ್ ಫೈಬರ್ ಎಂಬುದು ಬಹುತೇಕ ಅಕ್ರಿಲಿಕ್ ಜಾತಿಯ ಕೃತಕ ನೂಲನ್ನು ಆಮ್ಲಜನಕವಿಲ್ಲದ ಕುಲುಮೆಯಲ್ಲಿ ೧,೦೦೦ ಡಿಗ್ರಿಗೂ ಮಿಕ್ಕ ಶಾಖದಲ್ಲಿ ಕಾಯಿಸಿದಾಗ ಉಳಿಯುವ ಇಂಗಾಲದ ಎಳೆ. ಎಳೆಯ ದಪ್ಪ ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಐದರಿಂದ ಏಳು ಪಾಲು. ನಮ್ಮ ತಲೆಗೂದಲು ಇದಕ್ಕಿಂತ ಎಷ್ಟೋ ಪಟ್ಟು ದಪ್ಪ. ಈ ಎಳೆಗಳನ್ನು ಬಟ್ಟೆಯಂತೆ ನೇಯ್ದು, ಎಪಾಕ್ಸಿ ಎಂಬ ಕೃತಕ ರಾಳದಲ್ಲಿ ನೆನೆಸಿ, ಅಚ್ಚಿನಲ್ಲಿ ಪದರಪದರವಾಗಿ ಹಾಸಿ ಗಟ್ಟಿ ಮಾಡುತ್ತಾರೆ. ವಿಮಾನಗಳಿಗಾಗಿ ಬೆಳೆದ ವಿದ್ಯೆಯಿದು. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ಒಡಲಿನಲ್ಲಿ ತೂಕದ ಲೆಕ್ಕದಂತೆ ನೂರಕ್ಕೆ ಸುಮಾರು ೪೫ ಪಾಲು ಇಂಥ ಸಂಯುಕ್ತ ವಸ್ತುವೇ ಇದೆ ಎಂಬುದು ನಮಗೆ ಹೆಮ್ಮೆಯ ಸಂಗತಿ.

ಇಲ್ಲಿ ಜನರಲ್ಲಿ ಪ್ರಚಾರದಲ್ಲಿರುವ ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಕಾರ್ಬನ್ ಫೈಬರ್ ಮರಕ್ಕಿಂತ ಹಗುರವೆಂಬುದು ನಿಜವಲ್ಲ. ಒಂದೇ ಗಾತ್ರದ ತುಂಡುಗಳನ್ನು ತೂಗಿದರೆ ರಾಳದಿಂದ ಗಟ್ಟಿಯಾದ ಕಾರ್ಬನ್ ನೀರಿನ ಒಂದೂವರೆಯಷ್ಟಕ್ಕಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಗಿಟಾರಿನ ಮುಖಕ್ಕೆ ಹಾಕುವ ಸ್ಪ್ರೂಸ್ ಮರವಾದರೋ ನೀರಿನ ಅರ್ಧದಷ್ಟೂ ತೂಗದು. ಕೊರಳಿಗೆ ಬಳಸುವ ಮಹೋಗನಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ನಮ್ಮ ಬೀಟೆ ಮರ ನೀರಿನ ಹತ್ತು ಪಾಲಿಗೆ ಸುಮಾರು ಎಂಟು ಪಾಲು. ಹಾಗಾದರೆ ಕಾರ್ಬನ್ ಗಿಟಾರು ಹಗುರವಾದುದು ಹೇಗೆ? ವಸ್ತು ಬಹಳ ಬಿಗಿಯಾದುದರಿಂದ ತೀರ ತೆಳ್ಳಗೆ ಮಾಡಿದರೂ ತಂತಿಗಳ ಎಳೆತವನ್ನು ತಾಳಿಕೊಳ್ಳುತ್ತದೆ. ಹಗುರತನ ಬರುವುದು ತೆಳುವಿನಿಂದ, ವಸ್ತುವಿನಿಂದಲ್ಲ.

ಈ ಮಾತಿನಿಂದ ಕೊರಳಿನ ರಹಸ್ಯವೂ ಬಿಚ್ಚಿಕೊಳ್ಳುತ್ತದೆ. ಒಡಲು ಹೇಗೂ ಪೆಟ್ಟಿಗೆ. ಅದರ ಗೋಡೆಗಳನ್ನು ತೆಳ್ಳಗೆ ಮಾಡಬಹುದು. ಕೊರಳು ಅಂಗೈಯನ್ನು ತುಂಬಬೇಕಾದ ದಿಂಡು. ಅದನ್ನು ತೆಳ್ಳಗೆ ಮಾಡುವಂತಿಲ್ಲ, ಟೊಳ್ಳು ಮಾಡಬಹುದು ಅಷ್ಟೆ. ಟೊಳ್ಳು ಮಾಡದೆ ಗಟ್ಟಿ ದಿಂಡಾಗಿ ಎರಕ ಹೊಯ್ದರೆ ಅದೇ ಅಳತೆಯ ಮಹೋಗನಿಯ ಎರಡೂವರೆ ಪಟ್ಟಿಗಿಂತಲೂ ಹೆಚ್ಚು ತೂಗೀತು. ಮೆಟ್ಟಿಲುಗಳನ್ನು ಕೂರಿಸುವ ಹಲಗೆ ದಪ್ಪವಾದರೆ, ತಲೆ ದೊಡ್ಡದಾದರೆ, ಕೊರಳಿನೊಳಗೆ ಉಕ್ಕಿನ ಸರಳು ಸೇರಿದರೆ, ಮೇಲೆ ಗಟ್ಟಿ ಹೊದಿಕೆಯ ಭಾರವಾದ ಬಿರಡೆಗಳನ್ನು ಕೂರಿಸಿದರೆ, ತೆಳುವಾದ ಒಡಲು ಇವೆಲ್ಲಕ್ಕೆ ಎದುರು ನಿಲ್ಲಲಾರದು.

ಕೊರಳಿನ ಉದ್ದವೂ ಒಂದು ಕಾರಣ. ಹಳೆಯ ಮಾದರಿಯ ಗಿಟಾರುಗಳಲ್ಲಿ ಒಡಲು ಹನ್ನೆರಡನೆಯ ಮೆಟ್ಟಿಲಿನಲ್ಲಿ ಕೊರಳನ್ನು ಸೇರುತ್ತಿತ್ತು. ೧೯೨೯ರಲ್ಲಿ ಅಮೆರಿಕದ ಮಾರ್ಟಿನ್ ಸಂಸ್ಥೆ ಪೆರಿ ಬೆಕ್ಟೆಲ್ ಎಂಬ ಬ್ಯಾಂಜೋ ವಾದಕನ ಕೋರಿಕೆಯಂತೆ ಹದಿನಾಲ್ಕನೆಯ ಮೆಟ್ಟಿಲಿನಲ್ಲಿ ಸೇರುವ ಗಿಟಾರನ್ನು ಮಾಡಿತು. ಮೇಲಿನ ಸ್ವರಗಳು ಕೈಗೆ ಎಟುಕಲೆಂಬುದು ಉದ್ದೇಶ. ಅದು ಜನಪ್ರಿಯವಾಯಿತು. ಆದರೆ ತಂತಿಯ ಉದ್ದ ೬೫ ಸೆಂಟಿಮೀಟರಿನ ಆಸುಪಾಸಿನಲ್ಲಿರುವಾಗ ಆ ಎರಡು ಮೆಟ್ಟಿಲುಗಳ ಅಂತರ ಸುಮಾರು ಮೂರೂವರೆ ಸೆಂಟಿಮೀಟರು. ಅಷ್ಟುಮಟ್ಟಿಗೆ ಕೊರಳು ಹೊರಚಾಚುತ್ತದೆ, ತಲೆಯೂ ದೂರ ಸರಿಯುತ್ತದೆ. ಪ್ರಯಾಣಕ್ಕೆಂದು ಒಡಲನ್ನು ಕಿರಿದು ಮಾಡಿ ಕೊರಳನ್ನು ಪೂರ್ತಿ ಉದ್ದಕ್ಕೆ ಉಳಿಸಿದ ಗಿಟಾರುಗಳಲ್ಲಿ ವಾಲಿಕೆ ಇನ್ನೂ ಹೆಚ್ಚಾಗುವುದು ಸಹಜ.

ತಯಾರಕರು ಕಂಡ ದಾರಿಗಳು

ಮರವಲ್ಲದ ಗಿಟಾರಿನ ಕಥೆ ಹೆಲಿಕಾಪ್ಟರ್ ಕಾರ್ಖಾನೆಯಿಂದ ಆರಂಭವಾಗುತ್ತದೆ ಎಂದರೆ ನಿಮಗೆ ಅಚ್ಚರಿಯಾದೀತು. ಅಮೆರಿಕದ ಚಾರ್ಲ್ಸ್ ಕಾಮನ್ ಎಂಬಾತ ಹೆಲಿಕಾಪ್ಟರುಗಳನ್ನು ನಿರ್ಮಿಸುತ್ತಿದ್ದ, ಗಿಟಾರನ್ನೂ ನುಡಿಸುತ್ತಿದ್ದ. ಅವನ ಕಂಪೆನಿ ೧೯೬೦ರ ದಶಕದ ನಡುವೆ ಗಾಜುನಾರಿನ ಬೋಗುಣಿಯಂಥ ಬೆನ್ನುಳ್ಳ ಓವೇಷನ್ ಗಿಟಾರುಗಳನ್ನು ಹೊರತಂದಿತು. ಮುಂದಿನ ದಶಕದಲ್ಲಿ ಮುಖಕ್ಕೂ ಕಾರ್ಬನ್ ಪದರವನ್ನು ಬಳಸಿತು. ಇಡೀ ಗಿಟಾರನ್ನು ಕಾರ್ಬನ್ನಿನಿಂದಲೇ ಮಾಡಿದವರಲ್ಲಿ ಮೊದಲಿಗನೆಂದು ಹೆಸರಾದವನು ಜಾನ್ ಡೆಕರ್ ಎಂಬ ಭೌತವಿಜ್ಞಾನಿ. ಹವಾಯಿ ದ್ವೀಪಗಳ ತೇವದ ಹವೆಯಲ್ಲಿ ಮರದ ವಾದ್ಯ ಉಳಿಯುವುದು ಕಷ್ಟವೆಂದು ಕಂಡು, ೧೯೯೦ರ ದಶಕದಲ್ಲಿ ಅವನು ಮಾಡಿದ ಗಿಟಾರಿಗೆ ರೈನ್‌ಸಾಂಗ್, ಎಂದರೆ ಮಳೆಹಾಡು, ಎಂದು ಹೆಸರಾಯಿತು. ಮಂಗಳೂರಿನ ಮಳೆಗಾಲದಲ್ಲಿ ಉಬ್ಬಿ ರಾಯಚೂರಿನ ಬೇಸಗೆಯಲ್ಲಿ ಬಿರಿಯುವ ವಾದ್ಯಗಳನ್ನು ಕಂಡ ನಮಗೆ ಈ ಹೆಸರಿನ ಸ್ವಾರಸ್ಯವನ್ನು ಬೇರೆ ಹೇಳಬೇಕಾದುದಿಲ್ಲ.

ಕಾರ್ಬನ್ ವಾದ್ಯಗಳಿಗೆ ಕೊರಳು ಭಾರವೆಂಬ ದೂರಿರುವಾಗ, ಕೊರಳಿನ ಭಾರವನ್ನು ಇಳಿಸಲೆಂದೇ ಕಾರ್ಬನ್ನನ್ನು ಬಳಸಿದ ಚರಿತ್ರೆಯೂ ಉಂಟು. ೧೯೭೦ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಜೆಫ್ ಗೂಲ್ಡ್ ವಿದ್ಯುತ್ ಬಾಸ್ ಗಿಟಾರುಗಳ ಭಾರವನ್ನು ಕಂಡು, ಅಂತರಿಕ್ಷೋದ್ಯಮದ ಈ ವಸ್ತುವಿನಿಂದ ಕೊರಳನ್ನು ಮಾಡಬಹುದಲ್ಲವೆ ಎಂದು ಯೋಚಿಸಿ, ಹಾಗೆ ಮಾಡಿಯೂ ತೋರಿಸಿದ. ಆ ದಶಕದ ಕೊನೆಗೆ ನೆಡ್ ಸ್ಟೈನ್‌ಬರ್ಗರ್ ಎಂಬ ವಿನ್ಯಾಸಕಾರ ಇನ್ನೂ ಮುಂದೆ ಹೋಗಿ ತಲೆಯನ್ನೇ ತೆಗೆದುಬಿಟ್ಟ! ಅವನ ಕಾರ್ಬನ್ ಬಾಸ್ ಗಿಟಾರಿನಲ್ಲಿ ಬಿರಡೆಗಳು ಕೊರಳಿನ ತುದಿಯಲ್ಲಿಲ್ಲ, ಒಡಲಿನ ಬುಡದಲ್ಲಿವೆ. ಎಡ ತಟ್ಟೆಯ ಕಲ್ಲನ್ನು ಎತ್ತಿ ಬಲ ತಟ್ಟೆಗೆ ಹಾಕಿದಂತೆ. ನಮ್ಮ ಲೆಕ್ಕದ ದೃಷ್ಟಿಯಿಂದ ಇದಕ್ಕಿಂತ ನೇರವಾದ ಪರಿಹಾರವಿಲ್ಲ.

ಭಾರ ಬೇರೆ, ಜಾರುವಿಕೆ ಬೇರೆ

ವಾದ್ಯ ವಾಲುವುದಕ್ಕೆ ಎರಡು ಕಾರಣಗಳಿರಬಹುದು. ಇವೆರಡನ್ನೂ ಒಂದೆಂದು ತಿಳಿದರೆ ಮದ್ದು ತಪ್ಪುತ್ತದೆ. ಮೊದಲನೆಯದು ಈವರೆಗೆ ಹೇಳಿದ ಭಾರದ ಹಂಚಿಕೆ. ಎರಡನೆಯದು ನುಣುಪು. ಕಾರ್ಬನ್ ಗಿಟಾರುಗಳ ಮೈ ಗಾಜಿನಂತೆ ನಯ. ಅಂಚುಗಳನ್ನು ದುಂಡಾಗಿಸಿರುವುದೂ ಉಂಟು. ನಯವಾದ ಸೀರೆಯ ಮೇಲೋ ಪ್ಯಾಂಟಿನ ಮೇಲೋ ಇಟ್ಟರೆ ಒಡಲೇ ಮೆಲ್ಲನೆ ಮುಂದಕ್ಕೆ ಜಾರುತ್ತದೆ. ಮರದ ಗಿಟಾರಿನ ಚೌಕ ಅಂಚು ತೊಡೆಗೂ ಎದೆಗೂ ಹತ್ತಿ ನಿಲ್ಲುವಂತೆ ಇದು ನಿಲ್ಲದು. ಜಾರಿದ ವಾದ್ಯದ ಕೊರಳು ಇಳಿದಾಗ ಕೊರಳು ಭಾರವೆಂದು ನಾವು ತಿಳಿಯುತ್ತೇವೆ.

ಪರೀಕ್ಷೆ ಸುಲಭ. ಟವೆಲೊಂದನ್ನು ಗಟ್ಟಿಯಾಗಿ ಸುತ್ತಿ ಮೇಜಿನ ಮೇಲಿಟ್ಟು, ಗಿಟಾರನ್ನು ಬೆನ್ನು ಕೆಳಗಾಗಿ ಅದರ ಮೇಲೆ ಅಡ್ಡಲಾಗಿ ಇರಿಸಿರಿ, ಕೈ ಕಾವಲಿಗಿರಲಿ. ಅತ್ತಿತ್ತ ಸರಿಸಿ ಎಲ್ಲಿ ತೂಗಿ ನಿಲ್ಲುತ್ತದೆಂದು ನೋಡಿರಿ. ಅದೇ ಭಾರದ ಕೇಂದ್ರ. ಅದು ಒಡಲಿನ ಒಳಗಡೆ, ನಡುವಿಗೆ ಸಮೀಪವಾಗಿದ್ದಷ್ಟೂ ಒಳ್ಳೆಯದು. ಒಡಲೂ ಕೊರಳೂ ಕೂಡುವ ಸ್ಥಳಕ್ಕೆ ಬಂದಿದ್ದರೆ ಅಥವಾ ಅದನ್ನೂ ದಾಟಿದ್ದರೆ ವಾದ್ಯ ನಿಜವಾಗಿ ಕೊರಳುಭಾರದ್ದು. ಬಳಿಕ ಎಂದಿನಂತೆ ಕುಳಿತು, ಬಲ ಮುಂಗೈಯನ್ನು ಒರಗಿಸಿ, ಎಡಗೈಯನ್ನು ಪೂರ್ತಿಯಾಗಿ ತೆಗೆದುಬಿಡಿ. ತಲೆ ಇಳಿದರೆ ತೊಡೆಯ ಮೇಲೆ ಒರಟು ಬಟ್ಟೆಯೊಂದನ್ನು ಹಾಸಿಕೊಂಡು ಮತ್ತೆ ನೋಡಿರಿ. ಈಗ ನಿಂತರೆ ದೋಷ ನುಣುಪಿನದು. ಆಗಲೂ ಇಳಿದರೆ ದೋಷ ಭಾರದ್ದು.

ಪರಿಹಾರಗಳು

ನುಣುಪಿಗೆ ಪರಿಹಾರ ಅಗ್ಗವಾದುದು. ಒರಟು ಚರ್ಮದ ತುಂಡು ಅಥವಾ ಜಾರದಂಥ ರಬ್ಬರಿನ ಹಾಸು ತೊಡೆಯ ಮೇಲಿದ್ದರೆ ಸಾಕು.

ಭಾರಕ್ಕೆ ಮೊದಲು ಮಾಡಬೇಕಾದುದು ಭಂಗಿಯ ತಿದ್ದುಪಾಟು. ಸ್ಪೇನ್ ದೇಶದ ಶಾಸ್ತ್ರೀಯ ಪದ್ಧತಿಯಲ್ಲಿ ಎಡಪಾದವನ್ನು ಗಿಡ್ಡ ಮಣೆಯ ಮೇಲಿಟ್ಟು, ವಾದ್ಯವನ್ನು ಎಡ ತೊಡೆಯ ಮೇಲೆ ಕೂರಿಸಿ, ಕೊರಳನ್ನು ಮೇಲ್ಮುಖವಾಗಿ ಓರೆ ಮಾಡುತ್ತಾರೆ. ಕೊರಳು ಅಡ್ಡಲಾಗಿ ಮಲಗಿದ್ದಾಗ ವಾಲಿಸುವ ಬಲ ಅತಿ ಹೆಚ್ಚು. ೪೫ ಡಿಗ್ರಿ ಎತ್ತಿದರೆ ಆ ಬಲ ಹತ್ತರಲ್ಲಿ ಏಳು ಪಾಲಿಗೆ ಇಳಿಯುತ್ತದೆ. ಬುಡ ಬಲ ತೊಡೆಗೆ ಆನಿಕೊಂಡು ಇನ್ನೊಂದು ಆಧಾರವೂ ದೊರೆಯುತ್ತದೆ. ಮನೆಯಲ್ಲಿರುವ ಅಡಿಗೆಮನೆಯ ಮಣೆಯೇ ಇದಕ್ಕೆ ಸಾಕು.

ಎರಡನೆಯದು ಪಟ್ಟಿ. ಗಿಟಾರಿಗೆ ಕಟ್ಟುವ ಹೆಗಲಪಟ್ಟಿ ನಿಂತು ನುಡಿಸುವವರಿಗೆ ಮಾತ್ರವೆಂದು ತಿಳಿಯಬೇಡಿರಿ. ಕುಳಿತವರಿಗೂ ಅದು ಸಹಾಯಕ. ಪಟ್ಟಿಯ ಒಂದು ತುದಿ ಬುಡದಲ್ಲಿ, ಇನ್ನೊಂದು ತುದಿ ತಲೆಯ ಬಳಿಯಲ್ಲಿ ಕಟ್ಟಿದ್ದರೆ ಭಾರದ ಕೇಂದ್ರ ಎರಡೂ ಕಟ್ಟುಗಳ ನಡುವೆ ಉಳಿಯುತ್ತದೆ, ಕೊರಳು ಬೀಳುವ ಭಯ ಕಡಿಮೆ. ಕೊರಳಿನ ಬುಡದ ಗುಂಡಿಗೆ ಕಟ್ಟಿದರೆ ಕೈಗೆ ಅಡ್ಡಿ ಕಡಿಮೆ, ಆದರೆ ಭದ್ರತೆಯೂ ಸ್ವಲ್ಪ ಕಡಿಮೆ. ಪಟ್ಟಿಯ ಒಳಮೈ ಒರಟಾಗಿರಬೇಕು. ನುಣುಪಾದ ನೈಲಾನ್ ಪಟ್ಟಿ ಹೆಗಲ ಮೇಲೆ ಜಾರಿ ವಾದ್ಯದೊಡನೆ ತಾನೂ ತಿರುಗುತ್ತದೆ. ಮೊದಲು ಹೇಳಿದ ನಮ್ಮ ಹುಡುಗಿಗೆ ಒದಗಿದ ಪರಿಹಾರ ಇವೇ ಎರಡು, ಮಣೆ ಮತ್ತು ಚರ್ಮದ ಪಟ್ಟಿ. ಮಣಿಕಟ್ಟಿಗೆ ಕೆಲವು ವಾರಗಳ ವಿಶ್ರಾಂತಿಯನ್ನು ವೈದ್ಯರು ಹೇಳಿದ್ದರು. ಅದನ್ನೂ ಪಾಲಿಸಿ ಅವಳು ಮತ್ತೆ ನುಡಿಸತೊಡಗಿದಳು. ನೋವು ಇರುವಾಗ ಅಭ್ಯಾಸದಿಂದ ಅದು ಕರಗೀತೆಂದು ಮಕ್ಕಳನ್ನು ಒತ್ತಾಯಿಸಬಾರದೆಂಬುದನ್ನು ತಂದೆತಾಯಿಗಳು ನೆನಪಿನಲ್ಲಿಡಬೇಕು.

ಮೂರನೆಯದು ತಲೆಯ ಹೊರೆಯನ್ನು ಇಳಿಸುವುದು. ಶ್ರುತಿ ನೋಡುವ ಚಿಕ್ಕ ಯಂತ್ರವನ್ನೂ, ಕೇಪೋ ಎಂಬ ತಂತಿ ಬಿಗಿಯುವ ಚಿಮುಟವನ್ನೂ ಹಲವರು ಗಿಟಾರಿನ ತಲೆಗೆ ಕಚ್ಚಿಸಿಯೇ ಬಿಟ್ಟಿರುತ್ತಾರೆ. ಅವು ಚಿಕ್ಕವೇನೋ ನಿಜ; ಇರುವುದು ಮಾತ್ರ ಏತದ ತುತ್ತತುದಿಯಲ್ಲಿ. ಕೆಲಸ ಮುಗಿದೊಡನೆ ತೆಗೆದಿಡಿರಿ. ಭಾರವಾದ ಬಿರಡೆಗಳನ್ನು ತೆಗೆದು ಹಗುರವಾದುವನ್ನು ಹಾಕಿಸಬಹುದು. ನಮ್ಮ ಲೆಕ್ಕದಲ್ಲಿ ೨೦೦ ಗ್ರಾಮಿನ ಬಿರಡೆಗಳಿಗೆ ಬದಲು ೧೩೦ ಗ್ರಾಮಿನವನ್ನು ಹಾಕಿದರೆ ಉಳಿಯುವ ಬಲ ೪,೬೯೦. ಇದೇ ಫಲವನ್ನು ಬುಡಕ್ಕೆ, ಎಂದರೆ ಆಧಾರದಿಂದ ೨೯ ಸೆಂಟಿಮೀಟರು ದೂರಕ್ಕೆ, ಸೀಸ ಕಟ್ಟಿ ಪಡೆಯಬೇಕಾದರೆ ೧೬೦ ಗ್ರಾಮಿಗೂ ಹೆಚ್ಚು ತೂಕ ಬೇಕು. ತಲೆಯಿಂದ ೭೦ ಗ್ರಾಂ ತೆಗೆಯುವುದು ಬುಡಕ್ಕೆ ೧೬೦ ಗ್ರಾಂ ಸೇರಿಸುವುದಕ್ಕೆ ಸಮ. ಕೂಡಿಸುವುದಕ್ಕಿಂತ ಕಳೆಯುವುದೇ ಲೇಸು. ಈ ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬಾರದು. ತಲೆಯ ತೂತುಗಳ ಅಳತೆ ಹೊಂದಬೇಕು. ಕಾರ್ಬನ್ನನ್ನು ಕೊರೆದರೆ ಪದರ ಬಿಡಬಹುದು, ಅದರ ಧೂಳು ಶ್ವಾಸಕ್ಕೂ ಚರ್ಮಕ್ಕೂ ಒಳ್ಳೆಯದಲ್ಲ. ಬಲ್ಲ ಕಸಬುದಾರರ ಕೈಗೆ ಕೊಡಿರಿ.

ಕೊಳ್ಳುವ ಮುನ್ನ

ಒಳ್ಳೆಯ ಕಾರ್ಬನ್ ಗಿಟಾರಿಗೆ ಹತ್ತಾರು ಸಾವಿರ ರೂಪಾಯಿ ಬೀಳುತ್ತದೆ. ಲಕ್ಷವನ್ನು ದಾಟುವುವೂ ಉಂಟು. ಅಷ್ಟು ಹಣ ಕೊಡುವ ಮುನ್ನ ಅಂಗಡಿಯಲ್ಲಿ ವಾದ್ಯವನ್ನು ಎತ್ತಿ ನೋಡುವುದಷ್ಟೇ ಸಾಲದು, ಏಕೆಂದರೆ ಎತ್ತುವಾಗ ನಮಗೆ ತಿಳಿಯುವುದು ಒಟ್ಟು ತೂಕ. ನುಡಿಸುವಾಗ ಕಾಡುವುದು ತೂಕದ ಸ್ಥಾನ. ನುಡಿಸಬೇಕಾದ ಮಗುವನ್ನೇ ಕರೆದೊಯ್ದು ಕೂರಿಸಿರಿ. ಹತ್ತು ನಿಮಿಷ ನುಡಿಸಲಿ. ನಡುವೆ ಎಡಗೈಯನ್ನು ತೆಗೆಯಲು ಹೇಳಿರಿ. ಕೊರಳು ಮರದ್ದೋ ಕಾರ್ಬನ್ನಿನದೋ, ಟೊಳ್ಳೋ ಗಟ್ಟಿಯೋ, ಬಿರಡೆಗಳನ್ನು ಬದಲಿಸಲು ಬರುವುದೋ ಇಲ್ಲವೋ ಎಂದು ಕೇಳಿರಿ. ಅಂಚೆಯಲ್ಲಿ ತರಿಸುವವರು ಹಿಂತಿರುಗಿಸುವ ನಿಬಂಧನೆಗಳನ್ನು ಮೊದಲೇ ಓದಿಕೊಳ್ಳಲಿ.

ಹಾಗೆಂದು ಮರದ ಗಿಟಾರನ್ನು ಕಡೆಗಣಿಸಬೇಕೆಂದಾಗಲಿ, ಕಾರ್ಬನ್ ಗಿಟಾರಿಗೆ ಹೆದರಬೇಕೆಂದಾಗಲಿ ನನ್ನ ಅಭಿಪ್ರಾಯವಲ್ಲ. ಮೈಸೂರಿನ ವೀಣೆಗೆ ಒದಗುವ ಬೀಟೆಯ ಜಾತಿಯ ಮರವೇ ಪರದೇಶಗಳ ಗಿಟಾರುಗಳ ಬೆನ್ನಿಗೂ ಒದಗುತ್ತ ಬಂದಿದೆ. ಅಮೆರಿಕದ ಮಾರ್ಟಿನ್ ಸಂಸ್ಥೆ ೧೯೬೯ರಲ್ಲಿ ಬ್ರೆಜಿಲ್ ದೇಶದ ಬೀಟೆಯನ್ನು ಬಿಟ್ಟು ಭಾರತದ ಬೀಟೆಗೆ ತಿರುಗಿತು. ಆ ಮರ ಅಪರೂಪವಾಗುತ್ತ, ೨೦೧೭ರಿಂದ ಬೀಟೆಯ ಕುಲದ ಮರಗಳೆಲ್ಲವೂ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುಪಾಡಿಗೆ ಒಳಪಟ್ಟಿವೆ. ಸಿದ್ಧವಾದ ವಾದ್ಯಗಳಿಗೆ ೨೦೧೯ರಲ್ಲಿ ವಿನಾಯಿತಿ ದೊರೆತಿದೆ. ಕಾಡನ್ನು ಬೇಡದ ವಾದ್ಯವೊಂದು ಬಂದಿರುವುದು ಸಂತೋಷವೇ. ಹೊಸ ವಸ್ತು ಬಂದಾಗ ಹಳೆಯ ಲೆಕ್ಕವನ್ನು ಮತ್ತೊಮ್ಮೆ ಹಾಕಬೇಕು, ಅಷ್ಟೆ. ವೀಣೆಯ ಬುರುಡೆಯನ್ನು ತೊಡೆಯ ಮೇಲೆ ಕೂರಿಸಿದವರು, ಪಿಟೀಲಿನ ತಲೆಯನ್ನು ಪಾದಕ್ಕೆ ಊರಿದವರು ಹಾಕಿದ್ದ ಲೆಕ್ಕವೂ ಇದೇ: ಹೊರುವ ಕೆಲಸ ತೊಡೆಗೆ, ಪಾದಕ್ಕೆ, ಹೆಗಲಿಗೆ, ನುಡಿಸುವ ಕೆಲಸ ಬೆರಳಿಗೆ. ನಿಮ್ಮ ಮನೆಯ ಮಗು ಗಿಟಾರನ್ನು ಬದಿಗಿಟ್ಟು ಕೈ ಒತ್ತಿಕೊಳ್ಳುತ್ತಿರುವುದನ್ನು ಕಂಡರೆ, ಶ್ರದ್ಧೆಯ ಮಾತನ್ನು ಎತ್ತುವ ಮೊದಲು ಒಂದು ಮಣೆಯನ್ನು ತಂದು ಅದರ ಎಡಪಾದದ ಕೆಳಗಿಡಿರಿ.